ಐರ್ಲೆಂಡಿನ ಹಳ್ಳಿಮದ್ದು: ಸಣ್ಣಪುಟ್ಟ ಕಾಯಿಲೆಗಳನ್ನು ವಾಸಿ ಮಾಡುವುದು ಯಾವುದು?

2018ರ ಕೊನೆಯಲ್ಲಿ ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯ ಬೋ ಎಂಬ ಹಳ್ಳಿಯ ಚರ್ಚಿನ ಅಂಗಳದ ಮಣ್ಣು ಹಲವು ದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆಸ್ಪತ್ರೆಗಳಲ್ಲಿ ಹರಡುವ, ಔಷಧಗಳಿಗೆ ಸುಲಭವಾಗಿ ಬಗ್ಗದ ಕೆಲವು ರೋಗಾಣುಗಳ ಬೆಳವಣಿಗೆಯನ್ನು ಆ ಮಣ್ಣಿನ ಒಂದು ಬ್ಯಾಕ್ಟೀರಿಯಾ ತಡೆಯುತ್ತದೆ ಎಂದು ವೇಲ್ಸ್‌ನ ಸ್ವಾನ್‌ಸೀ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ತಂಡವೊಂದು ಪ್ರಕಟಿಸಿತ್ತು. ಸುದ್ದಿ ಅಷ್ಟೇ ಆಗಿದ್ದರೆ ವಿಜ್ಞಾನದ ಪುಟದಲ್ಲೇ ಉಳಿದುಬಿಡುತ್ತಿತ್ತು. ಆದರೆ ಅದೇ ಮಣ್ಣನ್ನು ಊರಿನವರು ತಲೆಮಾರುಗಳಿಂದ ಔಷಧವೆಂದು ನಂಬಿಕೊಂಡು ಬಂದಿದ್ದರು. ಇಂಥ ಸುದ್ದಿ ಬಂದಾಗಲೆಲ್ಲ ಹಳೆಯ ಮನೆಮದ್ದನ್ನು ವಿಜ್ಞಾನವೂ ಒಪ್ಪಿತು ಎಂಬ ಮಾತು ಬೇಗ ಹರಡುತ್ತದೆ. ಆ ಮಾತು ಎಷ್ಟು ಸರಿ ಎಂದು ತಿಳಿಯಬೇಕಾದರೆ ಐರ್ಲೆಂಡಿನ ಹಳ್ಳಿಮದ್ದಿನೊಳಗೆ ಏನೇನಿತ್ತು, ಅದರಲ್ಲಿ ಯಾವುದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ.

## ಬೋ ಹಳ್ಳಿಯ ಮಣ್ಣಿನಲ್ಲಿ ಸಿಕ್ಕಿದ್ದೇನು

ಬೋ ಸುಣ್ಣಕಲ್ಲಿನ ಗುಡ್ಡಗಳ ಸೀಮೆ. ಅಲ್ಲಿನ ಸೇಕ್ರೆಡ್ ಹಾರ್ಟ್ ಚರ್ಚಿನ ಆವರಣದಲ್ಲಿ 1815ರಲ್ಲಿ ತೀರಿಕೊಂಡ ಜೇಮ್ಸ್ ಮಕ್‌ಗರ್ ಎಂಬ ಪಾದ್ರಿಯ ಸಮಾಧಿಯಿದೆ. ಅವರಿಗೆ ರೋಗ ವಾಸಿಮಾಡುವ ಶಕ್ತಿಯಿತ್ತು ಎಂದು ಜನ ನಂಬಿದ್ದರು. ತಾವು ಬದುಕಿದ್ದಾಗ ಗುಣಪಡಿಸುತ್ತಿದ್ದುದನ್ನೆಲ್ಲ ತಮ್ಮನ್ನು ಮುಚ್ಚುವ ಮಣ್ಣೂ ಗುಣಪಡಿಸುತ್ತದೆ ಎಂದು ಅವರು ಸಾಯುವ ಮುನ್ನ ಹೇಳಿದ್ದರೆಂಬುದು ಊರಿನ ಐತಿಹ್ಯ. ಹಲ್ಲುನೋವೋ ಗಂಟಲಿನ ಸೋಂಕೋ ಇದ್ದವರು ಚಿಟಿಕೆ ಮಣ್ಣನ್ನು ಹತ್ತಿಬಟ್ಟೆಯಲ್ಲಿ ಕಟ್ಟಿ ಮನೆಗೊಯ್ದು, ತಲೆದಿಂಬಿನ ಕೆಳಗಿಟ್ಟುಕೊಂಡು ಪ್ರಾರ್ಥಿಸಿ, ನಾಲ್ಕು ದಿನಗಳೊಳಗೆ ಅದನ್ನು ಮರಳಿ ತಂದು ಅಲ್ಲಿಯೇ ಹಾಕಬೇಕೆಂಬುದು ನಿಯಮ.

ಸಂಶೋಧಕರು ಆ ಮಣ್ಣಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಮೈಸಿಸ್ ಎಂಬ ದೊಡ್ಡ ಕುಲಕ್ಕೆ ಸೇರಿದ್ದು. ಔಷಧಗಳಿಗೆ ಬಗ್ಗದ ಸೋಂಕುಗಳಲ್ಲಿ ಬಹುಮುಖ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿರುವ ಆರು ರೋಗಾಣುಗಳಲ್ಲಿ ನಾಲ್ಕರ ಬೆಳವಣಿಗೆಯನ್ನು ಅದು ಪ್ರಯೋಗಾಲಯದಲ್ಲಿ ತಡೆಯಿತು. ಎಂಆರ್‌ಎಸ್‌ಎ ಎಂಬ ಕುಖ್ಯಾತ ರೋಗಾಣುವೂ ಆ ನಾಲ್ಕರಲ್ಲಿ ಒಂದು. ಔಷಧಕ್ಕೆ ಬಗ್ಗದಿರುವುದು ಎಂದರೆ, ಆ್ಯಂಟಿಬಯೋಟಿಕ್ ಕೊಟ್ಟಾಗ ಸಾಯದೆ ಉಳಿದ ಬ್ಯಾಕ್ಟೀರಿಯಾಗಳೇ ಸಂತತಿ ಬೆಳೆಸಿ, ಆ ಔಷಧ ಮುಂದೆ ನಾಟದಂತಾಗುವುದು. ಜಗತ್ತಿನೆಲ್ಲೆಡೆ ವೈದ್ಯರನ್ನು ಕಾಡುತ್ತಿರುವ ಈ ಸಮಸ್ಯೆಗೆ ಹೊಸ ಔಷಧದ ಸುಳಿವು ಎಲ್ಲಿ ಸಿಕ್ಕಿದರೂ ಅದು ಬೆಲೆಯುಳ್ಳದ್ದೇ.

ಆದರೆ ಇಲ್ಲಿ ಒಂದು ಅಂತರವನ್ನು ಗಮನಿಸಬೇಕು. ಸ್ಟ್ರೆಪ್ಟೊಮೈಸಿಸ್ ಬೋ ಹಳ್ಳಿಗಷ್ಟೇ ಸೇರಿದ ಜೀವಿಯಲ್ಲ. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ಮಣ್ಣಿನ ವಾಸನೆಗೆ ಬಹುಪಾಲು ಕಾರಣ ಈ ಕುಲದ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ವಸ್ತು. ಎಂದರೆ ಅವು ಹೆಚ್ಚುಕಡಿಮೆ ಎಲ್ಲ ಮಣ್ಣಿನಲ್ಲೂ ಇವೆ. ಕ್ಷಯಕ್ಕೆ ದೊರೆತ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಪತ್ತೆಯಾದದ್ದೂ ಇದೇ ಕುಲದ ಜೀವಿಯಿಂದ. ಬೋ ಮಣ್ಣಿನ ಅಧ್ಯಯನ ತೋರಿಸಿದ್ದು ಅಲ್ಲಿ ಪರೀಕ್ಷಿಸಲು ಯೋಗ್ಯವಾದ ಬ್ಯಾಕ್ಟೀರಿಯಾ ಇದೆ ಎಂಬುದನ್ನು. ಬಟ್ಟೆಯಲ್ಲಿ ಕಟ್ಟಿ ದಿಂಬಿನ ಕೆಳಗಿಟ್ಟ ಮಣ್ಣು ಹಲ್ಲುನೋವನ್ನು ಗುಣಪಡಿಸುತ್ತದೆಯೇ ಎಂಬ ಪ್ರಶ್ನೆಯನ್ನು ಆ ಅಧ್ಯಯನ ಕೈಗೆತ್ತಿಕೊಂಡಿರಲಿಲ್ಲ. ಮಣ್ಣಿನಲ್ಲಿ ಧನುರ್ವಾಯು ತರುವ ರೋಗಾಣುವೂ ಇರುವುದರಿಂದ ಅದನ್ನು ತೆರೆದ ಗಾಯಕ್ಕೆ ಹಚ್ಚುವುದು ಅಪಾಯಕಾರಿ.

ಹೀಗಾಗಿ ಯಾವುದೇ ಮನೆಮದ್ದಿನ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ಒಂದೇ: ಕಾಯಿಲೆ ವಾಸಿಯಾದಾಗ ಆ ಕೆಲಸ ಮಾಡಿದ್ದು ಯಾವುದು? ಮದ್ದಿನಲ್ಲಿದ್ದ ವಸ್ತುವೇ ಕೆಲಸ ಮಾಡಿರಬಹುದು. ಕಾಯಿಲೆ ತಾನಾಗಿಯೇ ಇಳಿಯುವ ಹೊತ್ತಿಗೆ ಮದ್ದು ಬಂದಿರಬಹುದು. ಅಥವಾ ಯಾರೋ ಹತ್ತಿರ ಕೂತು ಆರೈಕೆ ಮಾಡಿದ್ದರಿಂದ ನೋವು ಹಗುರಾಗಿರಬಹುದು. ಐರ್ಲೆಂಡಿನ ಹಳ್ಳಿಮದ್ದಿನಲ್ಲಿ ಈ ಮೂರೂ ಬೆರೆತುಕೊಂಡಿವೆ, ಹಲವು ವೇಳೆ ಒಂದೇ ಮದ್ದಿನೊಳಗೆ.

## ಈ ತಿಳಿವಳಿಕೆ ಎಲ್ಲಿಂದ ಬಂತು

ಐರಿಷ್ ಪುರಾಣದಲ್ಲಿ ಡಿಯಾನ್ ಕೆಕ್ಟ್ ಎಂಬ ದೇವವೈದ್ಯನು ತನಗಿಂತ ಮಿಗಿಲಾದ ಮಗ ಮಿಯಾಕ್‌ನನ್ನು ಅಸೂಯೆಯಿಂದ ಕೊಲ್ಲುತ್ತಾನೆ. ಮಿಯಾಕ್‌ನ ಸಮಾಧಿಯ ಮೇಲೆ 365 ಗಿಡಮೂಲಿಕೆಗಳು ಹುಟ್ಟುತ್ತವೆ. ತಂಗಿ ಅರ್ಮಿದ್ ಅವುಗಳನ್ನು ಗುಣಕ್ಕೆ ತಕ್ಕಂತೆ ತನ್ನ ಮೇಲುವಸ್ತ್ರದ ಮೇಲೆ ಜೋಡಿಸಿಡುತ್ತಾಳೆ. ತಂದೆ ಬಂದು ಅವನ್ನೆಲ್ಲ ಕಲಸಿಬಿಡುತ್ತಾನೆ. ಯಾವ ಗಿಡ ಯಾವ ಕಾಯಿಲೆಗೆ ಎಂಬುದನ್ನು ಅಂದಿನಿಂದ ಪೂರ್ತಿಯಾಗಿ ಬಲ್ಲವರಿಲ್ಲ ಎಂದು ಕಥೆ ಹೇಳುತ್ತದೆ.

ಇತಿಹಾಸದಲ್ಲಿಯೂ ಹೀಗೆ ಕಲಸಿಹೋದ ಒಂದು ಘಟ್ಟವಿದೆ. ಮಧ್ಯಯುಗದ ಐರ್ಲೆಂಡಿನಲ್ಲಿ ವೈದ್ಯವಿದ್ಯೆ ಕೆಲವು ಮನೆತನಗಳ ವಂಶಪಾರಂಪರ್ಯದ ವೃತ್ತಿಯಾಗಿತ್ತು. ಫರ್ಮಾನಾದ ಮಗ್ವೈರ್ ಅರಸರಿಗೆ ಕ್ಯಾಸಿಡಿ ಮನೆತನದವರು ವೈದ್ಯರಾಗಿದ್ದರು. ಹಿಕಿ, ಲೀ, ಶೀಲ್ ಮನೆತನಗಳಿಗೂ ಇದೇ ಖ್ಯಾತಿಯಿತ್ತು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿದ್ದ ಲ್ಯಾಟಿನ್ ವೈದ್ಯಗ್ರಂಥಗಳನ್ನು ಇವರು ಐರಿಷ್ ಭಾಷೆಗೆ ತಂದುಕೊಂಡಿದ್ದರು. ಅರಬ್ ಜಗತ್ತಿನ ವೈದ್ಯಜ್ಞಾನವೂ ಆ ಗ್ರಂಥಗಳ ಮೂಲಕ ಅವರನ್ನು ತಲುಪಿತ್ತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ಆಳ್ವಿಕೆ ಬಿಗಿಯಾಗಿ ಐರಿಷ್ ಅರಸುಮನೆತನಗಳು ಕುಸಿದಾಗ ಈ ವೈದ್ಯರಿಗೆ ಆಶ್ರಯ ಇಲ್ಲದಾಯಿತು. ಪುಸ್ತಕದ ವಿದ್ಯೆಯಲ್ಲಿ ಸ್ವಲ್ಪ ಬಾಯಿಮಾತಿಗೆ ಇಳಿದು, ಮೊದಲಿನಿಂದಲೂ ಹಳ್ಳಿಗಳಲ್ಲಿದ್ದ ಗಿಡಮೂಲಿಕೆಯ ಜ್ಞಾನ ಮತ್ತು ಕ್ರೈಸ್ತ ಪ್ರಾರ್ಥನೆಗಳೊಂದಿಗೆ ಬೆರೆಯಿತು.

ಬಡವರಿಗೆ ಸರ್ಕಾರಿ ವೈದ್ಯರ ಚಿಕಿತ್ಸೆ ಒದಗಿಸುವ ಔಷಧಾಲಯಗಳ ವ್ಯವಸ್ಥೆ ಜಾರಿಗೆ ಬಂದದ್ದು ಮಹಾ ಕ್ಷಾಮದ ಕೊನೆಗೆ, 1851ರ ಕಾಯಿದೆಯ ಮೂಲಕ. ಆಗಲೂ ವಿಶಾಲವಾದ ಪ್ರದೇಶಕ್ಕೆ ಒಬ್ಬ ವೈದ್ಯರಿದ್ದರು. ಕೆಮ್ಮು, ಉಳುಕು, ಕುರುಗಳಿಗೆಲ್ಲ ಅವರನ್ನು ಕರೆಸುವುದು ಆಗಹೋಗದ ಮಾತು. ಹಾಗಾಗಿ ಸಣ್ಣ ಕಾಯಿಲೆಗಳ ಹೊಣೆ ಅಡುಗೆಮನೆ, ಹಿತ್ತಿಲು, ಜೌಗುನೆಲ ಮತ್ತು ಕಡಲ ದಂಡೆಗಳ ಮೇಲೆಯೇ ಉಳಿಯಿತು.

ಇಂದು ಈ ಮದ್ದುಗಳ ಬಗ್ಗೆ ಇಷ್ಟು ವಿವರವಾಗಿ ಮಾತನಾಡಲು ಸಾಧ್ಯವಾಗಿರುವುದಕ್ಕೆ ಶಾಲಾಮಕ್ಕಳು ಕಾರಣ. 1935ರಲ್ಲಿ ಸ್ಥಾಪನೆಯಾದ ಐರಿಷ್ ಜಾನಪದ ಆಯೋಗವು 1937ರಿಂದ 1939ರವರೆಗೆ ಸ್ವತಂತ್ರ ಐರ್ಲೆಂಡಿನ 26 ಕೌಂಟಿಗಳ ಸುಮಾರು 5,000 ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಯ ಮಕ್ಕಳಿಗೆ ಒಂದು ಕೆಲಸ ವಹಿಸಿತು: ಮನೆಯ ಮತ್ತು ನೆರೆಯ ಹಿರಿಯರನ್ನು ಕೇಳಿ ಕಥೆ, ನಂಬಿಕೆ, ಆಚರಣೆ, ಮದ್ದುಗಳನ್ನು ಬರೆದು ತರಬೇಕು. ಸುಮಾರು 50,000 ಮಕ್ಕಳು ಬರೆದ ಏಳು ಲಕ್ಷಕ್ಕೂ ಹೆಚ್ಚು ಪುಟಗಳ ಈ ಸಂಗ್ರಹ ಈಗ ಡಬ್ಲಿನ್ ವಿಶ್ವವಿದ್ಯಾಲಯ ಕಾಲೇಜಿನ ಜಾನಪದ ಭಂಡಾರದಲ್ಲಿದೆ. ಅಂತರ್ಜಾಲದಲ್ಲಿಯೂ ಯಾರು ಬೇಕಾದರೂ ಓದಬಹುದು. ಆಯೋಗದ ಸಂಗ್ರಹವನ್ನು ಯುನೆಸ್ಕೊ 2017ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಹನ್ನೆರಡು ಹದಿಮೂರು ವರ್ಷದ ಮಗುವೊಂದು ಅಜ್ಜಿಯ ಬಾಯಿಂದ ಕೇಳಿದ್ದನ್ನು ಶಾಲೆಯ ನೋಟುಪುಸ್ತಕದಲ್ಲಿ ದುಂಡಗೆ ಬರೆದದ್ದು ಒಂದು ದೇಶದ ವೈದ್ಯಚರಿತ್ರೆಗೆ ಆಕರವಾದದ್ದು ನಿಜಕ್ಕೂ ದೊಡ್ಡ ಸಂಗತಿ. ಫರ್ಮಾನಾ ಬ್ರಿಟನ್ನಿನ ಆಳ್ವಿಕೆಯಲ್ಲೇ ಉಳಿದ ಉತ್ತರ ಐರ್ಲೆಂಡಿಗೆ ಸೇರಿದ್ದರಿಂದ ಬೋ ಹಳ್ಳಿಯ ಮಕ್ಕಳು ಈ ಕೆಲಸದಲ್ಲಿ ಇರಲಿಲ್ಲ.

## ಕೆಮ್ಮು, ನೆಗಡಿ, ಗಂಟಲುನೋವು

ಪಶ್ಚಿಮ ಕರಾವಳಿಯ ಬಂಡೆಗಳ ಮೇಲೆ ಬೆಳೆಯುವ ಕ್ಯಾರಗೀನ್ ಎಂಬ ಕೆಂಪು ಕಡಲಕಳೆ ಐರಿಷ್ ಮನೆಗಳ ಕೆಮ್ಮಿನ ಮದ್ದುಗಳಲ್ಲಿ ಹೆಸರಾದದ್ದು. ಇಳಿತದ ಹೊತ್ತಿನಲ್ಲಿ ಕಿತ್ತು ತಂದು, ಬಿಸಿಲಿನಲ್ಲಿ ಬಿಳುಪೇರುವವರೆಗೆ ಒಣಗಿಸಿ, ಹಾಲಿನಲ್ಲಿ ಕುದಿಸಿ ಸೋಸಿದರೆ ಗಟ್ಟಿಯಾದ ಲೋಳೆಯಂಥ ಪೇಯ ದೊರೆಯುತ್ತದೆ. ಅದರಲ್ಲಿರುವ ಕ್ಯಾರಗೀನನ್ ಎಂಬ ವಸ್ತುವು ನೀರನ್ನು ಹಿಡಿದಿಟ್ಟುಕೊಂಡು ಗಂಟಲಿನ ಒಳಪದರಿಗೆ ತೆಳುವಾದ ಹೊದಿಕೆಯಾಗುತ್ತದೆ. ಕೆರಳಿದ ಗಂಟಲಿಗೆ ಅದರಿಂದ ಸ್ವಲ್ಪ ಹೊತ್ತು ಶಮನ ಸಿಗುತ್ತದೆ. ಕೆಮ್ಮಿನ ಮೂಲವಾದ ವೈರಾಣುವಿಗೆ ಹಾಲಿನ ಈ ಪೇಯ ಏನಾದರೂ ಮಾಡುತ್ತದೆ ಎನ್ನಲು ಆಧಾರವಿಲ್ಲ. ಇದೇ ಕ್ಯಾರಗೀನನ್ ನಮ್ಮ ಅಂಗಡಿಗಳ ಐಸ್‌ಕ್ರೀಮ್, ಚಾಕೊಲೇಟ್ ಹಾಲುಗಳ ಪೊಟ್ಟಣದ ಮೇಲೆ 407 ಎಂಬ ಸಂಖ್ಯೆಯ ಸ್ಥಿರಕಾರಿಯಾಗಿ ಕಾಣಿಸಿಕೊಳ್ಳುತ್ತದೆ.

ನೆಗಡಿಗೆ ಈರುಳ್ಳಿ ಅಥವಾ ಬೆಳ್ಳುಳ್ಳಿಯನ್ನು ಹಾಲಿನಲ್ಲಿ ಬೇಯಿಸಿ ಕುಡಿಸುತ್ತಿದ್ದರು. ಗಂಟಲುನೋವಿಗೆ ಹುರಿದ ಉಪ್ಪನ್ನು ಉಣ್ಣೆಯ ಕಾಲುಚೀಲದಲ್ಲಿ ತುಂಬಿ ಕುತ್ತಿಗೆಗೆ ಸುತ್ತಿ ಮಲಗಿಸುತ್ತಿದ್ದರು, ಕೆಲವೆಡೆ ಉಪ್ಪಿನ ಬದಲು ಬಿಸಿ ಆಲೂಗಡ್ಡೆ. ಮಕ್ಕಳ ಎದೆಗೆ ಹೆಬ್ಬಾತಿನ ಕೊಬ್ಬು ಹಚ್ಚಿ ಮೇಲೆ ಫ್ಲಾನೆಲ್ ಬಟ್ಟೆ ಸುತ್ತುವುದೂ ಇತ್ತು. ದೊಡ್ಡವರಿಗೆ ಬಿಸಿನೀರು, ಸಕ್ಕರೆ, ಲವಂಗ, ನಿಂಬೆ ಬೆರೆಸಿದ ವಿಸ್ಕಿ.

ಇವೆಲ್ಲದರಲ್ಲಿ ಸಾಮಾನ್ಯವಾಗಿರುವುದು ಶಾಖ. 2008ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ನೆಗಡಿಯಾಗಿದ್ದ 30 ಮಂದಿಗೆ ಒಂದೇ ಹಣ್ಣಿನ ಪಾನೀಯವನ್ನು ಬಿಸಿಯಾಗಿಯೂ ಕೋಣೆಯ ತಾಪದಲ್ಲಿಯೂ ಕೊಟ್ಟು ನೋಡಿದರು. ಮೂಗಿನ ಗಾಳಿಯ ಹರಿವನ್ನು ಉಪಕರಣದಲ್ಲಿ ಅಳೆದಾಗ ಬದಲಾವಣೆ ಕಾಣಲಿಲ್ಲ. ಆದರೆ ಬಿಸಿ ಪಾನೀಯ ಕುಡಿದವರು ಕೆಮ್ಮು, ಸೀನು, ಗಂಟಲುನೋವು, ಚಳಿ, ಆಯಾಸಗಳಲ್ಲಿ ತಕ್ಷಣ ಉಪಶಮನವಾಯಿತೆಂದರು. ಉಪಶಮನ ಮತ್ತು ಗುಣ ಬೇರೆ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ನೆಗಡಿ ಒಂದು ವಾರ ಹತ್ತು ದಿನಗಳಲ್ಲಿ ತಾನಾಗಿ ಹೋಗುತ್ತದೆ, ಅಷ್ಟು ದಿನಗಳನ್ನು ಸಹಿಸಿಕೊಳ್ಳಲು ಬಿಸಿ ಪೇಯ ನೆರವಾಗುತ್ತದೆ. ವಿಸ್ಕಿಯ ಮದ್ಯಾಂಶವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈ ಬೆಚ್ಚಗಾದಂತೆ ಅನ್ನಿಸುವಂತೆ ಮಾಡುತ್ತದೆ, ವಾಸ್ತವದಲ್ಲಿ ದೇಹದಿಂದ ಶಾಖ ಹೊರಹೋಗುತ್ತಿರುತ್ತದೆ.

## ಗಾಯ, ಉಳುಕು, ಚರ್ಮದ ಉರಿ

ವಸ್ತುವೇ ಕೆಲಸ ಮಾಡುವ ಮದ್ದಿಗೆ ಸ್ಫ್ಯಾಗ್ನಮ್ ಎಂಬ ಹಾವಸೆ ಒಳ್ಳೆಯ ಉದಾಹರಣೆ. ಐರ್ಲೆಂಡಿನ ನೆಲದಲ್ಲಿ ದೊಡ್ಡ ಪಾಲು ಪೀಟ್ (ಅರೆಕೊಳೆತ ಸಸ್ಯಗಳ ಪದರ, ಒಣಗಿಸಿ ಉರುವಲಾಗಿ ಬಳಸುವಂಥದು) ತುಂಬಿದ ಜೌಗು. ಆ ಜೌಗನ್ನು ಕಟ್ಟಿದ್ದೇ ಈ ಹಾವಸೆ. ಇದರ ಎಲೆಗಳಲ್ಲಿ ಸತ್ತು ಟೊಳ್ಳಾದ, ರಂಧ್ರಗಳಿರುವ ಕೋಶಗಳಿವೆ. ಒಣಗಿದ ಹಾವಸೆ ತನ್ನ ತೂಕದ ಸುಮಾರು 20 ಪಟ್ಟು ದ್ರವವನ್ನು ಹೀರಿಕೊಳ್ಳಬಲ್ಲದು. ಜೊತೆಗೆ ಅದು ತನ್ನ ಸುತ್ತಲಿನ ದ್ರವವನ್ನು ಆಮ್ಲೀಯಗೊಳಿಸುವುದರಿಂದ ಹಲವು ಬ್ಯಾಕ್ಟೀರಿಯಾಗಳು ಬೆಳೆಯುವುದು ಕಷ್ಟ. ಹಳ್ಳಿಯವರು ರಕ್ತ ಸೋರುವ ಗಾಯಕ್ಕೆ ಇದನ್ನು ಒತ್ತಿ ಕಟ್ಟುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಹತ್ತಿಯ ಕೊರತೆ ತಲೆದೋರಿದಾಗ ಬ್ರಿಟನ್ ಮತ್ತು ಐರ್ಲೆಂಡಿನ ಜೌಗುಗಳಿಂದ ಈ ಹಾವಸೆಯನ್ನು ಒಟ್ಟುಮಾಡಿಸಿ, ಸ್ವಚ್ಛಗೊಳಿಸಿ, ಗಾಯಪಟ್ಟಿಗಳಾಗಿ ಹೊಲಿದು ಯುದ್ಧದ ಆಸ್ಪತ್ರೆಗಳಿಗೆ ಕಳುಹಿಸಲಾಯಿತು. ಡಬ್ಲಿನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿಯೂ ಈ ಕೆಲಸ ನಡೆಯಿತು. ಹಾಗೆಂದು ಜೌಗಿನಿಂದ ಕಿತ್ತ ಹಸಿ ಹಾವಸೆಯನ್ನು ಇಂದು ಗಾಯಕ್ಕೆ ಕಟ್ಟಬಾರದು. ಅದರಲ್ಲಿ ಚರ್ಮಕ್ಕೆ ಸೋಂಕು ತರುವ ಒಂದು ಶಿಲೀಂಧ್ರ ಇರುವುದುಂಟು.

ಉಳುಕು, ಮೂಳೆನೋವುಗಳಿಗೆ ಕಾಂಫ್ರಿ ಎಂಬ ಗಿಡದ ಬೇರನ್ನು ತುರಿದು ಪಟ್ಟು ಹಾಕುತ್ತಿದ್ದರು. ಅದರಲ್ಲಿ ಅಲಂಟೊಯಿನ್ ಎಂಬ, ಚರ್ಮದ ಮುಲಾಮುಗಳಲ್ಲಿ ಇಂದಿಗೂ ಬಳಸುವ ವಸ್ತುವಿದೆ; ಉಳುಕಿದ ಪಾದದ ಕೀಲಿಗೆ ಕಾಂಫ್ರಿ ಮುಲಾಮು ಹಚ್ಚಿ ನಡೆಸಿದ ಕೆಲವು ಪ್ರಯೋಗಗಳಲ್ಲಿ ನೋವು ಮತ್ತು ಊತ ಕಡಿಮೆಯಾದದ್ದು ಕಂಡಿದೆ. ಹೊಳೆದಂಡೆಯ ಮೆಡೋಸ್ವೀಟ್ ಎಂಬ ಬಿಳಿಹೂವಿನ ಗಿಡವನ್ನು ಜ್ವರ, ನೆಗಡಿಗಳಿಗೆ ಕುದಿಸಿ ಕುಡಿಯುತ್ತಿದ್ದರು. ಅದರಲ್ಲಿರುವ ಸ್ಯಾಲಿಸಿಲೇಟ್ ಬಳಗದ ವಸ್ತುಗಳೇ ಮುಂದೆ ಆಸ್ಪಿರಿನ್ನಿನ ದಾರಿ ತೋರಿಸಿದವು. ಜರ್ಮನಿಯ ಬಾಯರ್ ಕಂಪನಿ 1899ರಲ್ಲಿ ಆ ಮಾತ್ರೆಗೆ ಹೆಸರಿಟ್ಟದ್ದು ಈ ಗಿಡದ ಅಂದಿನ ಸಸ್ಯಶಾಸ್ತ್ರೀಯ ಹೆಸರಾದ ಸ್ಪೈರಿಯಾದಿಂದ. ಗಿಡದ ಕಷಾಯಕ್ಕೂ ಮಾತ್ರೆಗೂ ಇರುವ ವ್ಯತ್ಯಾಸವೆಂದರೆ ಅಳತೆ. ನೆಲ, ಋತು, ಕುದಿಸಿದ ಹೊತ್ತು ಬದಲಾದಂತೆ ಕಷಾಯದ ಬಲವೂ ಬದಲಾಗುತ್ತದೆ.

ಇನ್ನು ಐರಿಷ್ ಮಕ್ಕಳೆಲ್ಲ ನಡೆಯಲು ಕಲಿತ ಕೂಡಲೇ ಕಲಿಯುವ ಮದ್ದು: ನೆಟಲ್ ಗಿಡ ತಾಗಿ ಮೈ ಉರಿದರೆ ಹತ್ತಿರದಲ್ಲೇ ಬೆಳೆದಿರುವ ಡಾಕ್ ಎಂಬ ಗಿಡದ ಅಗಲ ಎಲೆಯನ್ನು ಕಿತ್ತು ಉಜ್ಜುವುದು. ನೆಟಲ್ ಎಲೆಯ ಸೂಜಿಯಂಥ ಕೂದಲುಗಳು ಚರ್ಮದೊಳಗೆ ಮುರಿದು ಹಿಸ್ಟಮಿನ್, ಸೆರೊಟೋನಿನ್ ಮೊದಲಾದವುಗಳನ್ನು ಬಿಡುತ್ತವೆ. ಉರಿ, ದದ್ದುಗಳಿಗೆ ಅವೇ ಕಾರಣ. ನೆಟಲ್ ಆಮ್ಲ, ಡಾಕ್ ಕ್ಷಾರ, ಒಂದನ್ನೊಂದು ಕಳೆಯುತ್ತವೆ ಎಂಬ ವಿವರಣೆಯನ್ನು ಹಲವರು ಕೊಡುತ್ತಾರೆ. ಅದು ಸರಿಯಲ್ಲ, ಏಕೆಂದರೆ ಡಾಕ್ ಎಲೆಯ ರಸವೂ ಆಮ್ಲೀಯವೇ. ರಸದ ತಂಪು, ಉಜ್ಜುವಿಕೆಯ ಸ್ಪರ್ಶ, ಗಮನ ಬೇರೆಡೆ ಹರಿಯುವುದು, ಮತ್ತು ಉರಿ ಹೇಗೂ ಸ್ವಲ್ಪ ಹೊತ್ತಿನಲ್ಲಿ ಇಳಿಯುವುದು ಇವೆಲ್ಲ ಸೇರಿ ಆರಾಮ ಸಿಗುತ್ತದೆ ಎಂಬುದು ಹೆಚ್ಚು ನಂಬಲರ್ಹ. ಅದೇ ನೆಟಲ್‌ನ ಎಳೆಯ ಕುಡಿಗಳನ್ನು ವಸಂತದಲ್ಲಿ, ಮುಖ್ಯವಾಗಿ ಮೇ ತಿಂಗಳಲ್ಲಿ, ಮೂರು ಬಾರಿ ಬೇಯಿಸಿ ತಿಂದರೆ ವರ್ಷವಿಡೀ ಕಾಯಿಲೆ ಬಾರದೆಂಬ ನಂಬಿಕೆಯೂ ಇತ್ತು. ಚಳಿಗಾಲವಿಡೀ ಹಸಿರು ಸೊಪ್ಪು ಕಾಣದವರಿಗೆ ಕಬ್ಬಿಣಾಂಶ ಮತ್ತು ಸಿ ಜೀವಸತ್ವವಿರುವ ಮೊದಲ ಸೊಪ್ಪು ಇದಾಗಿರುತ್ತಿತ್ತು. ಬೇಯಿಸಿದರೆ ಅದು ಚುಚ್ಚುವುದಿಲ್ಲ.

## ನರಹುಲಿ ಮತ್ತು ಬಸವನಹುಳು

ನರಹುಲಿಗೆ ಐರ್ಲೆಂಡಿನಲ್ಲಿ ದಾಖಲಾಗಿರುವಷ್ಟು ಮದ್ದುಗಳು ಬೇರೆ ಯಾವ ಸಣ್ಣ ತೊಂದರೆಗೂ ಇರಲಾರವು. ಕಪ್ಪು ಬಸವನಹುಳುವನ್ನು ನರಹುಲಿಗೆ ಉಜ್ಜಿ ಮುಳ್ಳಿಗೆ ಚುಚ್ಚಿಡುವುದು. ಅದು ಒಣಗಿದಂತೆ ನರಹುಲಿಯೂ ಒಣಗುತ್ತದೆ. ಕದ್ದು ತಂದ ಮಾಂಸದ ತುಂಡನ್ನು ಉಜ್ಜಿ ಹೂಳುವುದು. ಅದು ಕೊಳೆತಂತೆ ಇದೂ ಕರಗುತ್ತದೆ. ನರಹುಲಿಗಳಿರುವಷ್ಟೇ ಕಲ್ಲುಹರಳುಗಳನ್ನು ಚೀಲದಲ್ಲಿ ಕಟ್ಟಿ ದಾರಿಯಲ್ಲಿ ಬಿಟ್ಟುಬರುವುದು. ಚೀಲವನ್ನು ಎತ್ತಿಕೊಂಡವರಿಗೆ ಅವು ಹೋಗುತ್ತವೆ. ಹಳೆಯ ಚರ್ಚುಗಳ ಬಳಿಯ ಕಲ್ಲಿನ ಗುಣಿಯಲ್ಲಿ ನಿಂತ ಮಳೆನೀರಿನಿಂದ ತೊಳೆಯುವುದು; ಆ ಗುಣಿಯನ್ನು ಹುಡುಕಿಕೊಂಡು ಹೋಗಬಾರದು, ತಾನಾಗಿ ಎದುರಾಗಬೇಕು. ಹಾಲಿನಂಥ ರಸ ಸುರಿಸುವ ಡ್ಯಾಂಡಿಲಿಯನ್, ಸ್ಪರ್ಜ್ ಗಿಡಗಳ ರಸ ಹಚ್ಚುವುದೂ ಉಂಟು.

ಗಿಡದ ರಸವನ್ನು ಬಿಟ್ಟರೆ ಇಲ್ಲಿ ಚರ್ಮದ ಮೇಲೆ ಕೆಲಸ ಮಾಡುವ ವಸ್ತು ಕಾಣುವುದಿಲ್ಲ. ಆದರೂ ಇವು ಫಲಿಸಿದವೆಂದು ಸಾವಿರಾರು ಜನ ಪ್ರಾಮಾಣಿಕವಾಗಿಯೇ ಹೇಳಿದ್ದಾರೆ. ಕಾರಣ ನರಹುಲಿಯ ಸ್ವಭಾವದಲ್ಲಿದೆ. ಅದು ಒಂದು ವೈರಾಣುವಿನಿಂದಾಗುವ ಬೆಳವಣಿಗೆ. ದೇಹದ ರೋಗನಿರೋಧಕ ವ್ಯವಸ್ಥೆ ವೈರಾಣುವನ್ನು ಗುರುತಿಸಿದ ಮೇಲೆ ಅದು ಮಾಯವಾಗುತ್ತದೆ. ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನರಹುಲಿಗಳು ಎರಡು ವರ್ಷಗಳೊಳಗೆ ಯಾವ ಚಿಕಿತ್ಸೆಯೂ ಇಲ್ಲದೆ ಮಾಯವಾಗುತ್ತವೆ. ಆ ಎರಡು ವರ್ಷಗಳಲ್ಲಿ ಕುಟುಂಬ ನಾಲ್ಕಾರು ಮದ್ದುಗಳನ್ನು ಮಾಡಿ ನೋಡಿರುತ್ತದೆ. ನರಹುಲಿ ಹೋದದ್ದಕ್ಕೆ ಸ್ವಲ್ಪ ಮೊದಲು ಮಾಡಿದ ಮದ್ದಿಗೆ ಹೆಸರು ಬರುತ್ತದೆ, ಫಲಿಸದ ಉಳಿದವು ಮರೆತುಹೋಗುತ್ತವೆ.

ಮದ್ದುಗಳ ನಿಯಮಗಳೂ ಇದಕ್ಕೆ ಪೂರಕ. ಮಾಂಸ ಕೊಳೆಯಲು, ಹುಳು ಒಣಗಲು ವಾರಗಳು ಬೇಕು. ಆವರೆಗೆ ನರಹುಲಿಯನ್ನು ಕೆರೆಯದೆ, ಕತ್ತರಿಸದೆ ಸುಮ್ಮನಿರಲು ಒಂದು ನೆಪ ಸಿಗುತ್ತದೆ. ಕಣ್ಣುಕುರುವಿಗೆ ಗೂಸ್‌ಬೆರಿ ಗಿಡದ ಹತ್ತು ಮುಳ್ಳು ಕಿತ್ತು, ಒಂಬತ್ತನ್ನು ಒಂದೊಂದಾಗಿ ಕುರುವಿನತ್ತ ತೋರಿಸಿ, ಹತ್ತನೆಯದನ್ನು ಎಸೆಯುವ ಪದ್ಧತಿಯೂ ಇದೇ ಬಗೆಯದು: ಮುಳ್ಳು ಕಣ್ಣಿಗೆ ತಾಗುವುದಿಲ್ಲ, ಕುರುವನ್ನು ಯಾರೂ ಹಿಸುಕುವುದಿಲ್ಲ, ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಅದು ತಾನೇ ಒಡೆದು ಮಾಯುತ್ತದೆ.

## ‘ಕ್ಯೂರ್’ ಇರುವವರು

ಐರ್ಲೆಂಡಿನ ಆಸ್ಪತ್ರೆಗಳಲ್ಲಿಯೂ ಐಟಿ ಕಂಪನಿಗಳಲ್ಲಿಯೂ ದುಡಿಯುವ ಕನ್ನಡಿಗರು ಅಲ್ಲಿನ ಸಹೋದ್ಯೋಗಿಗಳ ಬಾಯಲ್ಲಿ ಇಂಥವರಲ್ಲಿ ಸುಟ್ಟಗಾಯದ ‘ಕ್ಯೂರ್’ ಇದೆ, ಇಂಥ ಮನೆಯಲ್ಲಿ ಹುಳಕಡ್ಡಿಯ ‘ಕ್ಯೂರ್’ ಇದೆ ಎಂಬ ಮಾತನ್ನು ಇಂದಿಗೂ ಕೇಳಬಹುದು. ಕ್ಯೂರ್ ಎಂದರೆ ಒಂದು ನಿರ್ದಿಷ್ಟ ಕಾಯಿಲೆಯನ್ನು ವಾಸಿಮಾಡುವ, ಒಬ್ಬ ವ್ಯಕ್ತಿಗೆ ಅಥವಾ ಮನೆಗೆ ಸೇರಿದ ಶಕ್ತಿ. ಕಾಮಾಲೆಗೆ ಔಷಧಿ ಕೊಡುವ ಮನೆಯೆಂದು ನಮ್ಮ ಹಳ್ಳಿಗಳಲ್ಲಿ ಹೆಸರಾದ ಮನೆಗಳಿರುತ್ತವೆಯಲ್ಲ, ನಿಗದಿತ ವಾರ ಬರಬೇಕು, ಹಣ ಕೇಳುವಂತಿಲ್ಲ, ಗುಟ್ಟು ಮನೆಯಿಂದಾಚೆ ಹೋಗುವಂತಿಲ್ಲ ಎಂಬ ಕಟ್ಟುಪಾಡುಗಳೊಂದಿಗೆ, ಹೆಚ್ಚುಕಡಿಮೆ ಹಾಗೆಯೇ. ಐರ್ಲೆಂಡಿನಲ್ಲಿಯೂ ಕ್ಯೂರ್ ಮಾಡಿದವರು ಶುಲ್ಕ ಕೇಳುವುದಿಲ್ಲ. ಅವರಿಗೆ ಧನ್ಯವಾದ ಹೇಳಬಾರದೆಂಬ ನಿಯಮವೂ ಹಲವೆಡೆ ಇದೆ. ಸೋಮವಾರ, ಗುರುವಾರಗಳು ಮೇಲಾದ ವಾರಗಳು, ಮೂರು ಸಲ ಹೋಗಬೇಕು.

ಕ್ಯೂರ್ ಯಾರಿಗೆ ಬರುತ್ತದೆ ಎಂಬುದಕ್ಕೂ ಲೆಕ್ಕಾಚಾರವಿದೆ. ನಡುವೆ ಹೆಣ್ಣು ಹುಟ್ಟದೆ ಸಾಲಾಗಿ ಹುಟ್ಟಿದ ಏಳನೆಯ ಮಗನಿಗೆ ಅದು ಹುಟ್ಟಿನಿಂದ ಬರುತ್ತದೆ. ಏಳನೆಯ ಮಗನ ಏಳನೆಯ ಮಗನಾದರೆ ಇನ್ನೂ ಪ್ರಬಲ. ತಂದೆ ತೀರಿಕೊಂಡ ಮೇಲೆ ಹುಟ್ಟಿದವರು, ಶಿಶುಗಳ ಬಾಯಲ್ಲಿ ಬಿಳಿಯ ಪೊರೆಯಂತೆ ಕಟ್ಟುವ ಸೋಂಕಿಗೆ ಬಾಯಲ್ಲಿ ಊದಿ ವಾಸಿಮಾಡುತ್ತಾರೆ. ತನ್ನದೇ ಮನೆತನದ ಹೆಸರಿರುವವನನ್ನು ಮದುವೆಯಾಗಿ ಹೆಸರು ಬದಲಾಗದೆ ಉಳಿದ ಹೆಂಗಸು ಕೊಟ್ಟ ಬ್ರೆಡ್ಡು ನಾಯಿಕೆಮ್ಮಿಗೆ ಮದ್ದು. ಹಲ್ಲಿಯಂತೆ ಕಾಣುವ ನ್ಯೂಟ್ ಎಂಬ ನೀರಿನ ಪ್ರಾಣಿಯ ಹೊಟ್ಟೆಯನ್ನು ನೆಕ್ಕಿದವರ ನಾಲಿಗೆಗೆ ಸುಟ್ಟಗಾಯ ಮಾಯಿಸುವ ಗುಣ ಬರುತ್ತದೆ.

ಸರ್ಪಸುತ್ತಿನ ವಿಷಯದಲ್ಲಿ ಎರಡು ನಾಡುಗಳ ನಂಬಿಕೆಗಳು ಅಚ್ಚರಿಯಷ್ಟು ಹತ್ತಿರದಲ್ಲಿವೆ. ಸುತ್ತು ಪೂರ್ತಿಯಾಗಿ ತಲೆಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ ಎಂದು ನಮ್ಮಲ್ಲಿ ಹೇಳುವಂತೆ ಅಲ್ಲಿಯೂ ಹೇಳುತ್ತಾರೆ. ಸೀತಾಳೆ ಸಿಡುಬಿನ ವೈರಾಣು ನರದ ಬುಡದಲ್ಲಿ ವರ್ಷಗಟ್ಟಲೆ ಅಡಗಿದ್ದು, ಮತ್ತೆ ಎಚ್ಚೆತ್ತು ಒಂದು ನರದ ಹಾದಿಯಲ್ಲಿ ಗುಳ್ಳೆಗಳನ್ನು ಎಬ್ಬಿಸುವುದೇ ಸರ್ಪಸುತ್ತು. ಆ ನರ ದೇಹದ ಒಂದು ಪಕ್ಕಕ್ಕಷ್ಟೇ ಸೇರಿರುವುದರಿಂದ ಸುತ್ತು ಪೂರ್ತಿಯಾಗುವುದು ತೀರ ವಿರಳ. ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಒಣಗುತ್ತವೆ. ಆ ಅವಧಿಯಲ್ಲಿ ಮೂರು ಸಲ ಕ್ಯೂರ್‌ಗೆ ಹೋಗಿಬಂದವರಿಗೆ ಮೂರನೆಯ ಸಲದ ಹೊತ್ತಿಗೆ ಒಣಗಿದ್ದು ಕಾಣುತ್ತದೆ. ಆದರೆ ವೈರಾಣುವನ್ನು ತಡೆಯುವ ಔಷಧ ಹೆಚ್ಚು ಫಲ ಕೊಡುವುದು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದಾಗ. ಕಣ್ಣಿನ ಬಳಿ ಗುಳ್ಳೆ ಎದ್ದರೆ ದೃಷ್ಟಿಗೇ ಅಪಾಯವಿದೆ. ಮೊದಲು ವೈದ್ಯರಲ್ಲಿಗೆ ಹೋಗಿ, ಆಮೇಲೆ ಕ್ಯೂರ್‌ಗೆ ಹೋದರೆ ಕಳೆದುಕೊಳ್ಳುವುದೇನೂ ಇಲ್ಲ. ಅನುಕ್ರಮ ತಿರುಗಿದರೆ ಮುಖ್ಯವಾದ ಮೂರು ದಿನಗಳು ಹೋಗಿಬಿಡುತ್ತವೆ.

ಕ್ಯೂರ್‌ನಿಂದ ಏನೂ ಆಗುವುದಿಲ್ಲ ಎಂದರೂ ಪೂರ್ತಿ ಸರಿಯಾಗದು. ನಂಬಿಕೆಯಿರುವವರ ಮಾತು, ಸ್ಪರ್ಶ, ನಿರೀಕ್ಷೆಗಳಿಂದ ನೋವಿನ ಅನುಭವ ನಿಜಕ್ಕೂ ತಗ್ಗುತ್ತದೆ. ಔಷಧಗುಣವಿಲ್ಲದ ಚಿಕಿತ್ಸೆಯಿಂದ ಸಿಗುವ ಇಂಥ ಉಪಶಮನವನ್ನು ವೈದ್ಯರು ಪ್ಲಸೀಬೊ ಪರಿಣಾಮ ಎನ್ನುತ್ತಾರೆ. ನೋವು, ವಾಕರಿಕೆ, ಆತಂಕಗಳಲ್ಲಿ ಅದು ಕಾಣುತ್ತದೆ. ಸೋಂಕನ್ನು ಕೊಲ್ಲುವ ಶಕ್ತಿ ಅದಕ್ಕಿಲ್ಲ.

## ಬಾವಿಗಳು ಮತ್ತು ಬೆವರುಮನೆಗಳು

ಐರ್ಲೆಂಡಿನಲ್ಲಿ ಸುಮಾರು 3,000 ಪವಿತ್ರ ಬಾವಿಗಳಿವೆಯೆಂಬ ಅಂದಾಜಿದೆ. ಕೆಲವು ಕಣ್ಣಿಗೆ, ಕೆಲವು ಹಲ್ಲಿಗೆ, ಕೆಲವು ಬೆನ್ನಿಗೆ. ಬಾವಿಯನ್ನು ಪ್ರದಕ್ಷಿಣೆ ಹಾಕಿ, ನೀರು ಹಚ್ಚಿಕೊಂಡು, ಬಟ್ಟೆಯ ಚೂರೊಂದನ್ನು ಪಕ್ಕದ ಮರಕ್ಕೆ ಕಟ್ಟುತ್ತಾರೆ; ಬಟ್ಟೆ ಜೀರ್ಣವಾದಂತೆ ಕಾಯಿಲೆಯೂ ಕಳೆಯುತ್ತದೆಂಬ ನಂಬಿಕೆ.

ಕೀಲುನೋವಿಗೆ ಲೀಟ್ರಿಮ್, ಕ್ಯಾವನ್, ಫರ್ಮಾನಾ ಮೊದಲಾದೆಡೆ ಬೆವರುಮನೆಗಳಿದ್ದವು. ಕಲ್ಲುಗಳನ್ನು ಒಂದರ ಮೇಲೊಂದು ಒಳಕ್ಕೆ ಚಾಚಿ ಕಟ್ಟಿದ, ತೆವಳಿ ಹೋಗುವಷ್ಟೇ ಬಾಗಿಲಿರುವ ಗುಡಿಸಲು. ಒಳಗೆ ಪೀಟ್ ಉರಿಸಿ ಗೋಡೆಗಳನ್ನು ಕಾಯಿಸಿ, ಬೂದಿ ಗುಡಿಸಿ, ನೆಲಕ್ಕೆ ಹಸಿರು ಹಾಸಿ, ಒಳಹೊಕ್ಕು ಬಾಗಿಲು ಮುಚ್ಚಿಕೊಂಡು ಬೆವರಿ, ಹೊರಬಂದು ಪಕ್ಕದ ತೊರೆಯಲ್ಲಿ ಮುಳುಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಇವು ಬಳಕೆಯಲ್ಲಿದ್ದವು. ಶಾಖದಿಂದ ಸ್ನಾಯುಗಳು ಸಡಿಲಗೊಂಡು ಕೀಲಿನ ಬಿಗಿತ ಇಳಿಯುವುದು ಇಂದಿನ ವೈದ್ಯರೂ ಒಪ್ಪುವ ಮಾತು.

## ಮಾಡಬಾರದ ಮದ್ದುಗಳು

ದಾಖಲೆಯಲ್ಲಿರುವ ಎಲ್ಲ ಮದ್ದುಗಳೂ ನಿರಪಾಯವಲ್ಲ. ಸುಟ್ಟಗಾಯಕ್ಕೆ ಬೆಣ್ಣೆ ಹಚ್ಚುವುದು ಐರ್ಲೆಂಡಿನಲ್ಲಿಯೂ ಇತ್ತು, ಬೇರೆ ನಾಡುಗಳಲ್ಲಿಯೂ ಇದೆ. ಜಿಡ್ಡು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಸುಟ್ಟ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು ಸರಿಯಾದ ಮೊದಲ ಚಿಕಿತ್ಸೆ.

ನಾಯಿಕೆಮ್ಮನ್ನು ಸಣ್ಣ ಕಾಯಿಲೆಗಳ ಸಾಲಿನಲ್ಲಿ ಇಡಲೇಬಾರದು. ಮಗುವನ್ನು ಕತ್ತೆಯ ಹೊಟ್ಟೆಯ ಕೆಳಗೆ ಮೂರು ಸಲ ದಾಟಿಸುವುದು, ಬಿಳಿ ಕುದುರೆಯ ಸವಾರನನ್ನು ತಡೆದು ಮದ್ದು ಕೇಳಿ ಅವನು ಹೇಳಿದ್ದನ್ನು ಮಾಡುವುದು, ಇವೆಲ್ಲ ಅದಕ್ಕಿದ್ದ ಮದ್ದುಗಳು. ಕತ್ತೆಯ ಬೆನ್ನಿನ ಮೇಲಿನ ಶಿಲುಬೆಯಾಕಾರದ ಗುರುತು ಯೇಸು ಅದನ್ನೇರಿ ಜೆರುಸಲೇಮಿಗೆ ಹೋದುದರ ಕುರುಹು ಎಂಬ ನಂಬಿಕೆ ಇದರ ಹಿಂದಿದೆ. ತಿಂಗಳುಗಟ್ಟಲೆ ಎಳೆಯುವ ಈ ಕೆಮ್ಮು ದೊಡ್ಡ ಮಕ್ಕಳಲ್ಲಿ ನಿಧಾನವಾಗಿ ಇಳಿಯುತ್ತದೆ, ಆದರೆ ಹಸುಗೂಸುಗಳ ಪ್ರಾಣ ತೆಗೆಯಬಲ್ಲದು. ಲಸಿಕೆ ಬಂದ ಮೇಲೆಯೇ ಅದರ ಹಾವಳಿ ತಗ್ಗಿದ್ದು.

ಹೊರಗೆ ಹಚ್ಚಲು ನೆರವಾಗುವ ಕಾಂಫ್ರಿಯನ್ನು ಚಹಾ ಮಾಡಿ ಕುಡಿದರೆ ಅದರಲ್ಲಿರುವ ಕೆಲವು ಕ್ಷಾರವಸ್ತುಗಳು ಯಕೃತ್ತಿಗೆ ಹಾನಿ ಮಾಡುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಲ್ಲಿ ಸೇವನೆಯ ಉತ್ಪನ್ನಗಳಿಂದ ಅದನ್ನು ತೆಗೆಯುವಂತೆ ತಯಾರಕರಿಗೆ ಸೂಚಿಸಿತು. ಇದಕ್ಕಿಂತ ಭಯಪಡಬೇಕಾದದ್ದು ಐರ್ಲೆಂಡಿನ ಬೇಲಿಸಾಲುಗಳಲ್ಲಿ ನೇರಳೆ ಗಂಟೆಗಳಂಥ ಹೂ ಬಿಡುವ ಫಾಕ್ಸ್‌ಗ್ಲವ್. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಹೃದಯದ ತೊಂದರೆಯಿಂದಾಗುವ ಊತಕ್ಕೆ ಇದರ ಬಳಕೆಯನ್ನು ವಿವರಿಸಿದ ಮೇಲೆ ಇದು ಅಧಿಕೃತ ಔಷಧವಾಯಿತು. ಆದರೆ ಗುಣಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಬಹಳ ಕಿರಿದು. ಹೂ ಬಿಡುವ ಮೊದಲು ಫಾಕ್ಸ್‌ಗ್ಲವ್ ಎಲೆ ಕಾಂಫ್ರಿ ಎಲೆಯಂತೆಯೇ ಕಾಣುತ್ತದೆ. ಕಾಂಫ್ರಿಯೆಂದು ತಿಳಿದು ಅದರ ಚಹಾ ಕುಡಿದವರು ಹೃದಯದ ಬಡಿತ ತಪ್ಪಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ದಾಖಲಾಗಿವೆ. ಐರ್ಲೆಂಡಿನಲ್ಲಿರುವವರು ಬೇಲಿಬದಿಯ ಎಲೆಯನ್ನು ಕಿತ್ತು ಕುದಿಸುವ ಯೋಚನೆಯನ್ನು ಬಿಡುವುದು ಕ್ಷೇಮ; ಅಂಗಡಿಯಲ್ಲಿ ಸಿಗುವ ಗಿಡಮೂಲಿಕೆಯ ಮುಲಾಮು ಬೇಕೆನಿಸಿದರೆ, ತಾವು ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನು ಔಷಧ ಅಂಗಡಿಯವರಿಗೆ ಹೇಳಿ, ಎರಡೂ ಒಟ್ಟಿಗೆ ಹೊಂದುತ್ತವೆಯೇ ಎಂದು ಕೇಳಿಕೊಂಡು ಕೊಳ್ಳಬೇಕು.